ಪುಸ್ತಕ ಓದಬೇಕಾದವರು ಯಾರು?

ಎರಡು ವರ್ಷದ ಕೂಸನ್ನು ಬೆಳೆಸಲು ಪುಸ್ತಕ ಬೇಕೆ? ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ನಮ್ಮ ಅಜ್ಜಿಯರು ಯಾವ ಪುಸ್ತಕ ಓದಿ ಮಕ್ಕಳನ್ನು ಸಾಕಿದರು ಎನ್ನುವುದು ಒಂದು. ಕಾಲ ಬದಲಾಗಿದೆ, ಬಲ್ಲವರು ಬರೆದದ್ದನ್ನು ಓದಿಯೇ ಸಾಕಬೇಕು ಎನ್ನುವುದು ಇನ್ನೊಂದು. ಎರಡೂ ಅರ್ಧ ಸತ್ಯ. ಪುಸ್ತಕದಿಂದ ನೆರವು ಖಂಡಿತ ಇದೆ. ಆದರೆ ಅದು ಮನೆಯಲ್ಲಿ ಯಾರ ಯಾರ ಕಿವಿಗೆ ಬೀಳುತ್ತದೆ ಎನ್ನುವುದರ ಮೇಲೆ ಆ ನೆರವು ನಿಂತಿದೆ.

ಅಜ್ಜಿಯರು ಮಕ್ಕಳನ್ನು ಸಾಕಿದ್ದು ನಿಜ. ಹೆತ್ತವುಗಳಲ್ಲಿ ಎಷ್ಟೋ ಕೈಗೆ ಉಳಿಯಲಿಲ್ಲ ಎನ್ನುವುದೂ ಅಷ್ಟೇ ನಿಜ. ಭೇದಿಯಾದಾಗ ನೀರು ಕೊಟ್ಟರೆ ಇನ್ನೂ ಹೆಚ್ಚುತ್ತದೆ ಎಂದು ನಂಬಿದ ಮನೆಗಳಿದ್ದವು. ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು, ವರ್ಷ ತುಂಬದ ಕೂಸಿನ ನಾಲಿಗೆಗೆ ಜೇನು ಹಚ್ಚಬಾರದು ಎಂಬ ತಿಳಿವಳಿಕೆ ಪರಂಪರೆಯಿಂದ ಬಂದದ್ದಲ್ಲ, ವೈದ್ಯಶಾಸ್ತ್ರದಿಂದ ಬಂದದ್ದು. ವೈದ್ಯೆಯಾಗಿದ್ದ ಅನುಪಮಾ ನಿರಂಜನ ‘ತಾಯಿ-ಮಗು’ ಬರೆದು ಇಂಥ ಜ್ಞಾನವನ್ನು ಕನ್ನಡದ ಹೆಣ್ಣುಮಕ್ಕಳ ಕೈಗೆ ಇಟ್ಟರು. ಅದು ದೊಡ್ಡ ಉಪಕಾರ.

ಹಾಗೆಂದು ಪುಸ್ತಕದ ಮಾತೆಲ್ಲ ವೇದವಾಕ್ಯವಲ್ಲ. 1928ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್, ಮಕ್ಕಳನ್ನು ಅಪ್ಪಿ ಮುದ್ದಾಡಬೇಡಿ ಎಂದು ಬರೆದರು. 1946ರಲ್ಲಿ ಬಂದ ಬೆಂಜಮಿನ್ ಸ್ಪಾಕ್ ಅವರ ಪುಸ್ತಕ ತಾಯ್ತಂದೆಯರಿಗೆ ಧೈರ್ಯ ತುಂಬಿತು. ಆದರೆ ಅದರ ಮುಂದಿನ ಆವೃತ್ತಿಗಳೇ ಹಸುಗೂಸನ್ನು ಬೋರಲಾಗಿ ಮಲಗಿಸಲು ಹೇಳಿದವು. ಹಾಗೆ ಮಲಗಿಸುವುದು ಜೀವಕ್ಕೇ ಅಪಾಯ ಎಂದು ಆಮೇಲೆ ಗೊತ್ತಾಯಿತು. ಇನ್ನು ಹಠ, ನಿದ್ದೆ, ಅಂಜಿಕೆಗಳ ಮಾತು ಬಂದರೆ ಒಂದು ಕೂಸಿನಂತೆ ಇನ್ನೊಂದಿಲ್ಲ. ಅಲ್ಲಿ ಕೂಸನ್ನೇ ನೋಡಿ ಕಲಿಯಬೇಕು.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಈ ಪುಸ್ತಕಗಳಲ್ಲಿ ಬಹಳಷ್ಟು ಒಬ್ಬ ತಾಯಿ, ಒಂದು ಮಗು, ಬಾಗಿಲು ಹಾಕಿದ ಒಂದು ಕೋಣೆ ಎಂದುಕೊಂಡು ಬರೆದವು. ಸಂಕೇಶ್ವರದ ಸುತ್ತಲಿನ ಕಬ್ಬಿನ ಊರುಗಳಲ್ಲಿ ಕೂಸು ಹಾಗೆ ಬೆಳೆಯುವುದಿಲ್ಲ. ಕಾರ್ಖಾನೆಗೆ ಕಬ್ಬು ಹೋಗುವ ಹಂಗಾಮಿನಲ್ಲಿ ಅವ್ವ ಹೊಲಕ್ಕೆ ಹೋದರೆ ಅದು ಸಂಜೆತನಕ ಅಜ್ಜಿಯ ಬಗಲಲ್ಲಿ, ಕಾಕಾನ ಹೆಗಲ ಮೇಲೆ. ಬೆಳಗಿನ ಚಹಾದ ಹೊತ್ತು ನೋಡಿ. ಅಜ್ಜಿ ಬಸಿಗೆ ಚಹಾ ಸುರುವಿ, ಬಿಸ್ಕೀಟು ಅದ್ದಿ ಬಾಯಿಗಿಡುತ್ತಾಳೆ. ಸೊಸೆ ಓದಿದ್ದಾಳೆ: ಚಹಾ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. “ಅತ್ತಿ, ಚಹಾ ಬ್ಯಾಡ ಅಂತ ಪುಸ್ತಕದಾಗ ಬರದಾರ್ರಿ” ಎನ್ನುತ್ತಾಳೆ. “ನಿನ್ನ ಗಂಡಗೂ ಹಿಂಗ ಕುಡಿಸೇನಿ, ಏನಾಗೇತಿ ಅವಗ?” ಎಂಬ ಉತ್ತರ ಬರುತ್ತದೆ. ಸೊಸೆ ಹೇಳಿದ್ದು ಸರಿ. ಆದರೂ ಸೋತವಳು ಅವಳೇ. ಗಂಡ ಸುಮ್ಮನೆ ಕೂತಿರುತ್ತಾನೆ, ಕೂಸು ಚಹಾ ಕುಡಿದೇ ಕುಡಿಯುತ್ತದೆ.

ಮೊಬೈಲಿನ ಕತೆಯೂ ಇದೇ. ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಅವ್ವ ಇದನ್ನು ಕಂಠಪಾಠ ಮಾಡಿದ್ದರೂ ಏನು ಬಂತು, ಊಟ ಮಾಡಿಸುವಾಗ ಕೂಸಿನ ಕೈಗೆ ಮೊಬೈಲು ಕೊಡುವವರು ಬೇರೆಯವರಾದರೆ? ತಿಳಿದವಳು ಒಬ್ಬಳು, ಸಾಕುವವರು ನಾಲ್ವರು ಎಂದಾದಾಗ ಓದು ಅವಳಿಗೆ ಹೊರೆಯಾಗುತ್ತದೆ. ಕೂಸು ಸೊರಗಿದರೆ ಓದಿಯೂ ತಪ್ಪಿದೆನೆಂಬ ಅಪರಾಧಭಾವವೂ ಅವಳ ಪಾಲಿಗೇ.

ಅದಕ್ಕೇ ಪುಸ್ತಕವನ್ನು ತಾಯಿಗಷ್ಟೇ ಒಪ್ಪಿಸಿ ಕೈತೊಳೆದುಕೊಳ್ಳಬಾರದು. ಗಂಡ ಓದಲಿ, ತನ್ನ ಅವ್ವನಿಗೆ ತಾನೇ ಓದಿ ಹೇಳಲಿ. ಮಗ ಹೇಳಿದರೆ ಅದು ಮಾತಾಗುತ್ತದೆ, ಸೊಸೆ ಹೇಳಿದರೆ ಎದುರುತ್ತರವಾಗುತ್ತದೆ ಎನ್ನುವ ಅನ್ಯಾಯ ನಮ್ಮ ಮನೆಗಳಲ್ಲಿ ಇರುವವರೆಗೂ ಈ ಹೊಣೆ ಅವನದು. ಅಜ್ಜಿಯ ಬಳಿಯೂ ಯಾವ ಪುಸ್ತಕದಲ್ಲೂ ಇಲ್ಲದ್ದಿದೆ: ಅಳು ಕೇಳಿಯೇ ಹಸಿವೋ ನಿದ್ದೆಯೋ ಎಂದು ಹೇಳುವ ಅನುಭವ. ಅದನ್ನು ಸೊಸೆ ಗೌರವಿಸಲಿ. 1975ರಲ್ಲಿ ಶುರುವಾದ ಯೋಜನೆಯಿಂದ ಊರೂರಿಗೆ ಅಂಗನವಾಡಿ ಬಂದಿದೆ. ಅಲ್ಲಿನ ತಾಯಂದಿರ ಸಭೆಗೆ ಅತ್ತೆಯರನ್ನೂ ಗಂಡಂದಿರನ್ನೂ ಕರೆಯಬೇಕು. ಮಗುವನ್ನು ಮನೆಯೇ ಬೆಳೆಸುತ್ತದೆ ಎಂದ ಮೇಲೆ ಕಲಿಯಬೇಕಾದ್ದೂ ಮನೆಯೇ.