ಶಾಲೆಯ ದಾರಿಯೂ ಹುಡುಗಿಯರ ಸೈಕಲ್ಲೂ

ವಿದ್ಯೆಯ ಮಹಿಮೆಯನ್ನೂ ಸ್ತ್ರೀಶಿಕ್ಷಣದ ಪ್ರಯೋಜನವನ್ನೂ ಕುರಿತು ಇಂಥ ಸ್ಮರಣಸಂಚಿಕೆಗಳಲ್ಲಿ ಸಾಕಷ್ಟು ಬರೆದದ್ದಾಗಿದೆ. ಆ ವಿದ್ಯೆಯು ದೊರೆಯುವ ಸ್ಥಳಕ್ಕೆ ಹುಡುಗಿಯು ದಿನಾಲು ಹೇಗೆ ಬಂದು ಮುಟ್ಟುತ್ತಾಳೆ, ಹೇಗೆ ತಿರುಗಿ ಮನೆಗೆ ಹೋಗುತ್ತಾಳೆ ಎಂಬದನ್ನು ಕುರಿತು ಬರೆದವರು ಕಡಿಮೆ. ಸದ್ಯಕ್ಕೆ ನಮ್ಮ ಶಿಗ್ಗಾಂವ, ಸವಣೂರ, ಹಾನಗಲ್ಲ, ಹಿರೇಕೆರೂರ ಸೀಮೆಯ ಊರುಗಳಲ್ಲಿ ಈ ದಾರಿಯೇ ಜಗಳದ ವಿಷಯವಾಗಿರುವದರಿಂದ, ಪೂರ್ವವಿದ್ಯಾರ್ಥಿನಿಯರಿಗೂ ಪಾಲಕರಿಗೂ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುವದು ಅವಶ್ಯವೆಂದು ತೋರಿತು.

ಜಗಳವು ಹೀಗಿದೆ. ಹುಡುಗಿಯರು ಪಾದಚಾರಿಗಳ ಕಟ್ಟೆಯ ಮೇಲೆ ಸೈಕಲ್ಲು ಹತ್ತಿಸುತ್ತಾರೆ, ಮೂವರು ಸಾಲಾಗಿ ಮಾತನಾಡುತ್ತ ಹೋಗುತ್ತಾರೆ, ಗಂಟೆ ಬಾರಿಸುವದಿಲ್ಲ ಎಂದು ವೃದ್ಧರು ದೂರುತ್ತಾರೆ. ಕಟ್ಟೆಯೆಂಬದು ಎಲ್ಲಿದೆ, ಅದರ ಮೇಲೆ ಅಂಗಡಿಗಳ ಸಾಮಾನುಗಳೂ ಮೋಟಾರ ಸೈಕಲ್ಲುಗಳೂ ಹೊರತು ಬೇರೆ ಏನು ಕಾಣುತ್ತದೆ ಎಂದು ನಡೆಯುವವರು ಕೇಳುತ್ತಾರೆ. ಪೇಟೆಯ ಬೀದಿಯಲ್ಲಿ ಮುಂಜಾನೆ ಸಂಜೆ ಸೈಕಲ್ಲುಗಳನ್ನೇ ತಡೆಯಬೇಕೆನ್ನುವವರು ಕೆಲವರು. ತಡೆಯುವದಾದರೆ ಲಾರಿ ಟ್ರ್ಯಾಕ್ಟರುಗಳನ್ನು ತಡೆಯಿರಿ ಎನ್ನುವವರು ಕೆಲವರು. ಇವರೆಲ್ಲರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆಯೆಂದು ಹೇಳಿ ಕೈ ತೊಳೆದುಕೊಳ್ಳುವದು ಸುಲಭ. ನಾನು ಹಾಗೆ ಹೇಳುವವಳಲ್ಲ. ಇದರಲ್ಲಿ ಒಂದು ಪಕ್ಷವು ಹೆಚ್ಚು ಸರಿ, ಒಂದು ಪಕ್ಷವು ಹೆಚ್ಚು ತಪ್ಪು.

ಮೊದಲು ಹುಡುಗಿಯರ ತಪ್ಪನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುವೆನು. ಕಟ್ಟೆಯು ನಡೆಯುವವರ ಸ್ವತ್ತು. ಕಣ್ಣು ಮಂಜಾದ ಮುದುಕಿ, ಕೂಸನ್ನು ಎತ್ತಿಕೊಂಡ ತಾಯಿ, ಕೋಲೂರಿ ನಡೆಯುವ ಅಂಗವಿಕಲನು, ಇವರು ಹಿಂದಿನಿಂದ ಬರುವ ಚಕ್ರದ ಸಪ್ಪಳಕ್ಕೆ ಬೆದರಬೇಕಾಗಿಲ್ಲ. ಈ ವಿಚಾರವು ಹೊಸದಲ್ಲ. ಇಂಗ್ಲೆಂಡ ದೇಶದಲ್ಲಿ 1835ನೆಯ ಇಸವಿಯ ಹೆದ್ದಾರಿ ಕಾನೂನು ಕಾಲ್ದಾರಿಯ ಮೇಲೆ ಗಾಡಿ ಹೊಡೆಯಬಾರದೆಂದು ವಿಧಿಸಿತು. ಮುಂದೆ ಬೈಸಿಕಲ್ಲು ಬಂದಾಗ ಅದು ಗಾಡಿಯೋ ಅಲ್ಲವೋ ಎಂಬ ವಾದವೆದ್ದಿತು. 1888ರಲ್ಲಿ ಅದೂ ಗಾಡಿಯೇ ಎಂದು ಪಾರ್ಲಿಮೆಂಟು ನಿರ್ಣಯಿಸಿತು. ಇದರಲ್ಲಿ ಒಂದು ಸೂಕ್ಷ್ಮವಿದೆ. ಗಾಡಿಯೆಂದ ಮೇಲೆ ಅದನ್ನು ಕಾಲ್ದಾರಿಯಿಂದ ಇಳಿಸಬೇಕು, ಸರಿ. ಆದರೆ ಗಾಡಿಯೆಂದ ಮೇಲೆ ಸಡಕಿನ ಮೇಲೆ ಉಳಿದ ಗಾಡಿಗಳಿಗಿರುವ ಹಕ್ಕೂ ಅದಕ್ಕೆ ಉಂಟು. ನಮ್ಮ ಊರುಗಳಲ್ಲಿ ಮೊದಲನೆಯ ಅರ್ಧವನ್ನು ಎಲ್ಲರೂ ಹೇಳುತ್ತಾರೆ, ಎರಡನೆಯ ಅರ್ಧವನ್ನು ಯಾರೂ ಹೇಳುವದಿಲ್ಲ. ಹಿಂದಿನ ಕಾಲದವರಿಗೆ ನೆನಪಿರಬಹುದು: ಸೈಕಲ್ಲಿಗೆ ಮುನಸಿಪಾಲಟಿಯ ಬಿಲ್ಲೆ ಇರಬೇಕಾಗಿತ್ತು, ಕತ್ತಲಾದ ಮೇಲೆ ದೀಪವಿಲ್ಲದಿದ್ದರೆ ದಂಡವಿತ್ತು, ಇಬ್ಬರು ಕೂತು ಹೋದರೆ ಪೋಲೀಸನು ಸೀಟಿ ಊದುತ್ತಿದ್ದನು. ಅದು ಕಿರಿಕಿರಿಯೇ ಸರಿ. ಆದರೂ ಸೈಕಲ್ಲು ಸಡಕಿನ ಮೇಲಿನ ಒಂದು ವಾಹನವೆಂದು ಸರಕಾರವು ಒಪ್ಪಿದ ಗುರುತೂ ಅದಾಗಿತ್ತು.

ಇನ್ನು ಹುಡುಗಿಯು ಕಟ್ಟೆ ಹತ್ತುವದೇಕೆ? ಹಠಕ್ಕೆ ಅಲ್ಲ. ಸಡಕಿನ ಎಡಬದಿಯಲ್ಲಿ ಅವಳಿಗೆ ಜಾಗವಿಲ್ಲ. ಬದಿಯಲ್ಲಿ ಕಾರು ನಿಂತಿದೆ, ಅದನ್ನು ದಾಟಲು ನಡುವೆ ಬಂದರೆ ಹಿಂದಿನಿಂದ ಲಾರಿಯ ಹಾರ್ನು ಕೂಗುತ್ತದೆ. ಸುಗ್ಗಿಯ ದಿನಗಳಲ್ಲಿ ಹಾವೇರಿ ಜಿಲ್ಲೆಯ ಸಡಕುಗಳ ಅರ್ಧ ಅಗಲವೇ ಗೋವಿನಜೋಳ ಒಣಗಿಸುವ ಕಣವಾಗುತ್ತದೆ. ಒಣಗಿಸಲು ಬೇರೆ ಕಣವಿಲ್ಲದ ರೈತನನ್ನು ನಾನು ಬೈಯುವದಿಲ್ಲ, ಆದರೆ ಆ ಕಾಳಿನ ಮೇಲೆ ಸೈಕಲ್ಲಿನ ಚಕ್ರ ಜಾರುತ್ತದೆಂಬದನ್ನು ಹೇಳದೆ ಇರಲಾರೆ. ಮೇಲಾಗಿ ಪುಣೆ-ಬೆಂಗಳೂರು ಹೆದ್ದಾರಿಯು ನಮ್ಮ ತಾಲೂಕಿನ ಮೂಲಕ ಹಾಯ್ದು ಹೋಗುತ್ತದೆ. ಮೊದಲು ನಾಲ್ಕನೆಯ ನಂಬರೆಂದೂ ಈಗ ನಾಲ್ವತ್ತೆಂಟನೆಯ ನಂಬರೆಂದೂ ಕರೆಯಲ್ಪಡುವ ಆ ದಾರಿಯ ಮೇಲೆ ಮುಂಬಯಿಯ ಸರಕೂ ಬೆಂಗಳೂರಿನ ಬಸ್ಸುಗಳೂ ಹಗಲಿರುಳು ಓಡುತ್ತವೆ. ಅದರ ಆಚೆಯ ಹಳ್ಳಿಯಿಂದ ಈಚೆಯ ಶಾಲೆಗೆ ಬರುವ ಹದಿಮೂರು ವರುಷದ ಹುಡುಗಿಗೆ ಆ ಹೆದ್ದಾರಿಯು ಒಂದು ಹೊಳೆಯಿದ್ದ ಹಾಗೆ. 2022ನೆಯ ಇಸವಿಯೊಂದರಲ್ಲಿಯೇ ಭಾರತದ ರಸ್ತೆಗಳಲ್ಲಿ 1,68,491 ಜನರು ಸತ್ತರೆಂದೂ ಅವರಲ್ಲಿ 32,825 ಜನರು ನಡೆದು ಹೋಗುತ್ತಿದ್ದವರೆಂದೂ ಕೇಂದ್ರ ಸರಕಾರದ ವರದಿಯು ತಿಳಿಸುತ್ತದೆ. ಐವರಲ್ಲಿ ಒಬ್ಬರು ಎಂದ ಹಾಗಾಯಿತು. ಯಾರ ಮೇಲೂ ಗಾಡಿ ಹಾಯಿಸದವರು ಇವರು.

ಈ ಎಲ್ಲದರಿಂದ ತಂದೆಯು ಏನು ನಿರ್ಣಯ ಮಾಡುತ್ತಾನೆ? ಸಡಕನ್ನು ಸರಿಪಡಿಸುವದು ಅವನ ಕೈಯಲ್ಲಿಲ್ಲ. ಮಗಳನ್ನು ಮನೆಯಲ್ಲಿರಿಸುವದು ಅವನ ಕೈಯಲ್ಲಿದೆ. ಏಳನೆಯ ಇಯತ್ತೆಯ ವರೆಗೆ ಊರಲ್ಲಿಯೇ ಕಲಿತ ಹುಡುಗಿಯ ವಿದ್ಯೆಯು ಎಂಟನೆಯ ಇಯತ್ತೆಗೆ ಬಂದಾಗ ಮೂರು ನಾಲ್ಕು ಮೈಲಿನ ದಾರಿಯ ಮುಂದೆ ನಿಲ್ಲುತ್ತದೆ. ಇದನ್ನು ಅರಿತೇ ನಮ್ಮ ರಾಜ್ಯ ಸರಕಾರವು 2006-07ರಲ್ಲಿ ಎಂಟನೆಯ ಇಯತ್ತೆಯ ಹುಡುಗಿಯರಿಗೆ ಸೈಕಲ್ಲು ಕೊಡಲಾರಂಭಿಸಿತು. ಬಳಿಕ ಹುಡುಗರಿಗೂ ಕೊಟ್ಟಿತು. ಅದೇ 2006ರಲ್ಲಿ ಬಿಹಾರ ಪ್ರಾಂತದಲ್ಲಿಯೂ ಹುಡುಗಿಯರ ಸೈಕಲ್ಲಿನ ಯೋಜನೆಯು ಪ್ರಾರಂಭವಾಯಿತು. ಅದನ್ನು ಪರೀಕ್ಷಿಸಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ ಮುರಳೀಧರನ್ ಮತ್ತು ನಿಶೀಥ ಪ್ರಕಾಶ ಎಂಬವರು, ತಕ್ಕ ವಯಸ್ಸಿನಲ್ಲಿ ಪ್ರೌಢಶಾಲೆಗೆ ಸೇರುವ ಹುಡುಗಿಯರ ಸಂಖ್ಯೆಯು ಅದರಿಂದ ನೂರಕ್ಕೆ 32ರಷ್ಟು ಹೆಚ್ಚಿತೆಂದೂ, ಹುಡುಗ ಹುಡುಗಿಯರ ನಡುವಣ ಅಂತರವು ನೂರಕ್ಕೆ 40ರಷ್ಟು ತಗ್ಗಿತೆಂದೂ 2017ರಲ್ಲಿ ಪ್ರಕಟಿಸಿದರು. ತಮಿಳುನಾಡಿನ ಪುದುಕ್ಕೋಟ್ಟೆಯಲ್ಲಿ 1990ರ ನಂತರದ ಸಾಕ್ಷರತೆಯ ಚಳುವಳಿಯ ಕಾಲಕ್ಕೆ ಕಲ್ಲುಗಣಿಯ ಕೂಲಿ ಹೆಂಗಸರೂ ಹೊಲದ ಹೆಂಗಸರೂ ಸಾವಿರಗಟ್ಟಲೆಯಾಗಿ ಸೈಕಲ್ಲು ಕಲಿತರು. ಅಕ್ಷರ ಕಲಿಸಲು ಹೋದವರು ಚಕ್ರವನ್ನೂ ಕಲಿಸಿದರು, ಯಾಕಂದರೆ ಎರಡೂ ಒಂದೇ ಕೆಲಸವೆಂದು ಅವರಿಗೆ ಕಂಡಿತು.

ನಮ್ಮಲ್ಲಿಯ ಸೈಕಲ್ಲಿನ ಯೋಜನೆಯು ಕೊರೋನಾ ಪಿಡುಗಿನ ಕಾಲದಲ್ಲಿ ನಿಂತಿತು. 2023ನೆಯ ಇಸವಿ ಜೂನ್ 11ರಿಂದ ಸರಕಾರದ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣವು ಪುಕ್ಕಟೆಯಾದ್ದರಿಂದ ಇನ್ನು ಸೈಕಲ್ಲೇಕೆ ಎಂದು ಕೆಲವರು ಕೇಳುತ್ತಾರೆ. ಬಸ್ಸು ಬಲು ದೊಡ್ಡ ಉಪಕಾರವೇ ಸರಿ. ಅದರಿಂದ ಹುಬ್ಬಳ್ಳಿ ಧಾರವಾಡಗಳ ಕಾಲೇಜು ನಮ್ಮ ಹುಡುಗಿಯರಿಗೆ ಹತ್ತಿರವಾಗಿದೆ. ಆದರೆ ಬಸ್ಸು ತನ್ನ ಹೊತ್ತಿಗೆ ಬರುತ್ತದೆ, ಸೈಕಲ್ಲು ಹುಡುಗಿಯ ಹೊತ್ತಿಗೆ ಹೊರಡುತ್ತದೆ. ಸಂಜೆಯ ಬಸ್ಸು ತಪ್ಪೀತೆಂದು ಆಟದ ತಾಸನ್ನೂ ಗಣಿತದ ಹೆಚ್ಚಿನ ಪಾಠವನ್ನೂ ಬಿಟ್ಟು ಓಡುವ ಹುಡುಗಿಯರನ್ನು ಕಂಡ ಉಪಾಧ್ಯಾಯಿನಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹುಡುಗಿಯರ ಕ್ಷೇಮಕ್ಕಾಗಿಯೇ ಅವರನ್ನು ಸಡಕಿನಿಂದ ತೆಗೆಯೋಣವೆಂಬವರು ಒಂದು ಮಾತನ್ನು ಯೋಚಿಸಲಿ. ಇದೇ ಹೆದ್ದಾರಿಯ ಉತ್ತರದ ತುದಿಯಾದ ಪುಣೆಯಲ್ಲಿ 1848ರಲ್ಲಿ ಸಾವಿತ್ರಿಬಾಯಿ ಫುಲೆಯವರು ಹುಡುಗಿಯರಿಗೆ ಕಲಿಸಲು ಬೀದಿಯಲ್ಲಿ ನಡೆದಾಗ ಜನರು ಸೆಗಣಿ ಕೆಸರುಗಳನ್ನು ಎರಚಿದರು. ಅವರು ಬದಲಿಸಿಕೊಳ್ಳಲು ಇನ್ನೊಂದು ಸೀರೆಯನ್ನು ಒಯ್ಯುತ್ತಿದ್ದರಂತೆ. ಅಂದು ಸಹ ಉಪದೇಶವು ಕೆಸರೆರಚುವವರಿಗಲ್ಲ, ನಡೆಯುವವಳಿಗೇ ಸಲ್ಲುತ್ತಿತ್ತು. ನಮ್ಮ ಸೀಮೆಗೆ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದಂದಿನಿಂದ ಮಿಶನ್ ಶಾಲೆಗಳಿಗೆ ಬಂದ ಹುಡುಗಿಯರೂ ಆಡುವವರ ಬಾಯಿಯ ನಡುವೆಯೇ ದಾರಿ ಮಾಡಿಕೊಂಡರು. ಈಗ ಕೆಸರಿನ ಸ್ಥಳದಲ್ಲಿ ಲಾರಿಯು ಬಂದಿದೆ, ಉಪದೇಶ ಮಾತ್ರ ಅದೇ.

ಇನ್ನು ಕಟ್ಟೆಯ ವಿಚಾರ. ತಡೆಯಿಲ್ಲದ ಪಾದಚಾರಿ ಮಾರ್ಗವು ಸಂವಿಧಾನದ 21ನೆಯ ಅನುಚ್ಛೇದವು ಕೊಡುವ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2025ನೆಯ ಇಸವಿ ಮೇ 14ರಂದು ಹೇಳಿತು. ಕಟ್ಟೆಯ ಮೇಲೆ ಮೋಟಾರು ಓಡಿಸಬಾರದೆಂದು 1989ರ ರಸ್ತೆಯ ನಿಯಮಗಳಲ್ಲಿಯೇ ಇದ್ದಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗದರ್ಶಿಯು ನಡೆಯಲು ಕನಿಷ್ಠ 1.8 ಮೀಟರು ಬರಿದಾದ ಅಗಲವಿರಬೇಕೆನ್ನುತ್ತದೆ. ಅಂದರೆ ಎದುರುಬದುರಾಗಿ ಬರುವ ಇಬ್ಬರು ಮೈ ತಾಗದೆ ಹಾಯುವಷ್ಟು. ನಮ್ಮ ಪೇಟೆಯಲ್ಲಿ ಅಳತೆಗೋಲು ಹಿಡಿದು ಈ ಅಗಲವನ್ನು ಹುಡುಕಹೊರಟರೆ ಕಾಣುವದೇನು? ಒಂದು ಕಡೆಗೆ ಅಂಗಡಿಯ ಮೆಟ್ಟಿಲು, ಇನ್ನೊಂದು ಕಡೆಗೆ ಬಾಯಿ ತೆರೆದ ಗಟಾರು.

ಇಲ್ಲಿ ಒಂದು ಅನ್ಯಾಯವು ನಡೆಯದಂತೆ ನೋಡಬೇಕು. ಕಟ್ಟೆಯನ್ನು ತೆರವು ಮಾಡಿರೆಂದ ಕೂಡಲೆ ಅಧಿಕಾರಿಗಳ ಕಣ್ಣು ಸೊಪ್ಪು ಮಾರುವ ಮುದುಕಿಯ ಬುಟ್ಟಿಯ ಮೇಲೆ ಬೀಳುತ್ತದೆ. ಬುಟ್ಟಿಯನ್ನು ಎತ್ತುವದು ಸುಲಭ. ಕಟ್ಟೆಯ ಮೇಲಕ್ಕೆ ಚಾಚಿದ ಅಂಗಡಿಯ ತಗಡನ್ನು ಕೀಳುವದು ಕಠಿಣ. ಆದರೆ ಹೆಚ್ಚು ಜಾಗವನ್ನು ನುಂಗಿದ್ದು ತಗಡೂ ನಿಲ್ಲಿಸಿದ ಮೋಟಾರ ಸೈಕಲ್ಲೂ ಹೊರತು ಬುಟ್ಟಿಯಲ್ಲ. ಬೀದಿಯ ವ್ಯಾಪಾರಿಗಳಿಗಾಗಿ 2014ರಲ್ಲಿ ಬೇರೆ ಕಾನೂನೇ ಆಗಿದೆ. ಅದರ ಮೇರೆಗೆ ಪ್ರತಿಯೊಂದು ಪಟ್ಟಣದಲ್ಲಿ ಒಂದು ಸಮಿತಿಯಿರಬೇಕು, ಅದರಲ್ಲಿ ನೂರಕ್ಕೆ ನಾಲ್ವತ್ತಕ್ಕೆ ಕಡಿಮೆಯಿಲ್ಲದಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ಸಂತೆಯ ದಿನ ಯಾವ ಬದಿಯಲ್ಲಿ ಕೂಡ್ರಬೇಕೆಂಬದನ್ನು ಅವರೊಡನೆಯೇ ಕೂತು ಗೊತ್ತು ಮಾಡಿದರೆ ಮುದುಕಿಯೂ ಉಳಿದಾಳು, ದಾರಿಯೂ ಉಳಿದೀತು.

ವಾಹನಗಳನ್ನು ತಡೆಯುವ ವಿಷಯದಲ್ಲಿ ನನ್ನ ಅಭಿಪ್ರಾಯವು ಸ್ಪಷ್ಟವಾಗಿದೆ: ಸೈಕಲ್ಲನ್ನಲ್ಲ, ಭಾರವಾದ ವಾಹನಗಳನ್ನು, ಅದೂ ಶಾಲೆ ಕೂಡುವ ಮತ್ತು ಬಿಡುವ ಹೊತ್ತಿಗೆ ಮಾತ್ರ ತಡೆಯಬೇಕು. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. 1988ರ ಮೋಟಾರು ವಾಹನಗಳ ಕಾಯ್ದೆಯ 115ನೆಯ ಕಲಮು ಸಾರ್ವಜನಿಕರ ಸುರಕ್ಷಿತತೆಗಾಗಿ ಗೊತ್ತಾದ ಸಡಕಿನ ಮೇಲೆ ಗೊತ್ತಾದ ತರಗತಿಯ ವಾಹನಗಳನ್ನು ತಡೆಯುವ ಅಧಿಕಾರವನ್ನು ಕೊಟ್ಟಿದೆ. 2019ರ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿನ ಗುಡ್ಡ ಕುಸಿದಾಗ ಅಲ್ಲಿ ವಾಹನಗಳನ್ನು ತಡೆದರು. ವ್ಯಾಪಾರವು ಸುತ್ತಿ ಬಳಸಿ ನಡೆಯಿತು, ನಾಡು ಮುಳುಗಲಿಲ್ಲ. ಗುಡ್ಡ ಕುಸಿದ ಮೇಲೆ ಬರುವ ಆಜ್ಞೆಯು ಮಗುವೊಂದು ಬೀಳುವ ಮೊದಲೇ ಬಂದರೆ ಯಾರಿಗೆ ನಷ್ಟ? ಮುಂಜಾನೆ ಒಂದು ತಾಸು, ಸಂಜೆ ಒಂದು ತಾಸು ಊರ ಹೊರಗೆ ನಿಂತರೆ ಲಾರಿಯ ಸರಕು ಕೆಡುವದಿಲ್ಲ.

ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ದಾರಿಯಿಂದ 2023ನೆಯ ಇಸವಿ ಅಗಸ್ಟ 1ರಿಂದ ದ್ವಿಚಕ್ರ ವಾಹನಗಳನ್ನೂ ಆಟೋರಿಕ್ಷಾಗಳನ್ನೂ ಟ್ರ್ಯಾಕ್ಟರುಗಳನ್ನೂ ಸೈಕಲ್ಲಿನಂಥ ಯಂತ್ರವಿಲ್ಲದ ಗಾಡಿಗಳನ್ನೂ ತೆಗೆದುಹಾಕಿದರು. ಅದನ್ನು ಉದಾಹರಿಸಿ ಇಲ್ಲಿಯೂ ಸೈಕಲ್ಲು ನಿಲ್ಲಿಸಿರೆನ್ನುವವರಿದ್ದಾರೆ. ಅತಿವೇಗದ ಹೆದ್ದಾರಿಯ ಮೇಲೆ ಸೈಕಲ್ಲು ಬೇಡವೆಂಬದನ್ನು ನಾನೂ ಒಪ್ಪುವೆನು. ಆದರೆ ಅಲ್ಲಿ ಬದಿಯಲ್ಲಿ ಸರ್ವೀಸ್ ರಸ್ತೆಯಿದೆಯೆಂಬ ಆಧಾರದ ಮೇಲೆ ಹಾಗೆ ಮಾಡಿದರು. ಬದಿಯ ದಾರಿಯು ಎಲ್ಲಿ ಅಖಂಡವಾಗಿಲ್ಲವೋ ಅಲ್ಲಿ ತಡೆಯೆಂದರೆ ಹುಡುಗಿಗೆ ಮನೆಯೇ ಗತಿ. ಹುಬ್ಬಳ್ಳಿ ಧಾರವಾಡಗಳ ನಡುವೆ 2020ರಲ್ಲಿ ಬಸ್ಸುಗಳಿಗಾಗಿ ಮೀಸಲಾದ ದಾರಿಯನ್ನು ವಿಧಿಪೂರ್ವಕವಾಗಿ ತೆರೆದ ಬಳಿಕ, ಆ ಮೀಸಲು ಇರಬೇಕೋ ಉಳಿದ ವಾಹನಗಳನ್ನೂ ಬಿಡಬೇಕೋ ಎಂದು ಬಹಳ ವಾದ ನಡೆಯಿತು. ಆ ವಾದದಲ್ಲಿ ಕಾರಿನವರ ದನಿಯೂ ಬಸ್ಸಿನವರ ದನಿಯೂ ಕೇಳಿದಷ್ಟು ಕಾಲ್ನಡಿಗೆಯವರ ದನಿಯು ಕೇಳಲಿಲ್ಲ.

ಪಾಲಕರಿಗೆ ಇನ್ನೊಂದು ಮಾತನ್ನು ಖಂಡಿತವಾಗಿ ಹೇಳಬೇಕು. ಸೈಕಲ್ಲು ಅಪಾಯವೆಂದು ಮಗಳ ಕೈಯಿಂದ ಬಿಡಿಸಿ, ಒಂಬತ್ತನೆಯ ಇಯತ್ತೆಯಲ್ಲಿಯೇ ಅವಳಿಗೆ ಸ್ಕೂಟರನ್ನು ಕೊಡುವವರು ಉಂಟು. ಹದಿನಾಲ್ಕು ವರುಷದವಳಿಗೆ ಯಾವ ಲೈಸೆನ್ಸೂ ದೊರೆಯದು. ಗೇರಿಲ್ಲದ ಸಣ್ಣ ಗಾಡಿಗೆ ಸಹ ಹದಿನಾರು ವರುಷ ತುಂಬಿರಬೇಕು. 2019ರ ತಿದ್ದುಪಡಿಯ ಮೇರೆಗೆ ಅಪ್ರಾಪ್ತವಯಸ್ಕರ ಅಪರಾಧಕ್ಕೆ ಪಾಲಕನೇ ಹೊಣೆ; ಮೂರು ವರುಷಗಳ ವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಪ್ರೀತಿಯಿಂದ ಕೊಟ್ಟ ಗಾಡಿಯು ಹೀಗೆ ಮಗಳನ್ನೂ ತಂದೆಯನ್ನೂ ಏಕಕಾಲಕ್ಕೆ ಗಂಡಾಂತರಕ್ಕೆ ಗುರಿಮಾಡುತ್ತದೆ. ಸೈಕಲ್ಲನ್ನೇ ಕೊಡಿರಿ; ಕೊಟ್ಟ ಮೇಲೆ ಬ್ರೇಕು ಹಿಡಿಯುತ್ತದೋ ಇಲ್ಲವೋ, ಗಂಟೆ ಬಾರಿಸುತ್ತದೋ ಇಲ್ಲವೋ, ಕಾಲು ನೆಲಕ್ಕೆ ಎಟಕುವದೋ ಇಲ್ಲವೋ ನೋಡಿರಿ. ಅಣ್ಣನ ಎತ್ತರದ ಸೈಕಲ್ಲಿನ ಮೇಲೆ ತಂಗಿಯನ್ನು ಕೂಡ್ರಿಸಿ ಕಳಿಸಬೇಡಿರಿ.

ಶಾಲೆಯ ಪಾಲೂ ಇದರಲ್ಲಿದೆ. ಒಬ್ಬರ ಹಿಂದೊಬ್ಬರು ಹೋಗುವದು, ತಿರುಗುವ ಮೊದಲು ಕೈ ತೋರಿಸುವದು, ಜನಸಂದಣಿಯಿರುವ ಪೇಟೆಯಲ್ಲಿ ಇಳಿದು ನೂಕಿಕೊಂಡು ನಡೆಯುವದು, ಇವುಗಳನ್ನು ಡ್ರಿಲ್ಲಿನ ತಾಸಿನಲ್ಲಿ ಕಲಿಸಬಹುದು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಗಾಯಗೊಂಡು ಬಿದ್ದವನ ಸಾಮ್ಯವನ್ನು ನಮ್ಮ ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಆ ಕಥೆಯಲ್ಲಿ ಯಾಜಕನೂ ಲೇವಿಯನೂ ಕೆಟ್ಟವರೆಂದು ಹೇಳಿಲ್ಲ. ಅವರು ಓರೆಯಾಗಿ ಹೋದರು, ಅಷ್ಟೇ. ಕಟ್ಟೆಯ ಮೇಲೆ ನಡೆಯುವ ಮುದುಕಿಯನ್ನು ಕಂಡು ಹುಡುಗಿಯು ಸೈಕಲ್ಲಿನಿಂದ ಇಳಿಯುವದೂ, ಹುಡುಗಿಯನ್ನು ಕಂಡು ಲಾರಿಯವನು ವೇಗ ತಗ್ಗಿಸುವದೂ ಒಂದೇ ಪಾಠದ ಎರಡು ಲೆಕ್ಕಗಳು; ಆದರೆ ಎರಡನೆಯದರಲ್ಲಿ ತಪ್ಪಿದರೆ ಹೋಗುವದು ಪ್ರಾಣ. ಆದಕಾರಣ ಹುಡುಗಿಗೆ ಬುದ್ಧಿ ಹೇಳುವ ಹಿರಿಯರು ಲಾರಿಯ ಒಡೆಯನ ಬಾಗಿಲಿಗೂ ಒಂದು ಸಲ ಹೋಗಿ ಬರಲಿ ಎಂದು ನನ್ನ ವಿನಂತಿ.

ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರೂ ದಾದಿಯರೂ ವಕೀಲರೂ ಇದ್ದಾರೆ. ಪುರಸಭೆಯ ಸ್ಥಾನಗಳಲ್ಲಿ ಅರ್ಧದಷ್ಟು ಹೆಂಗಸರಿಗೆ ಮೀಸಲಾದ್ದರಿಂದ ಸದಸ್ಯರಾಗತಕ್ಕವರೂ ಇದ್ದಾರೆ. ಅವರೆಲ್ಲರೂ ಕೂಡಿ ಜಿಲ್ಲಾಧಿಕಾರಿಗಳಿಗೆ ಒಂದು ಅರ್ಜಿಯನ್ನೂ ಪುರಸಭೆಗೆ ಒಂದು ಅರ್ಜಿಯನ್ನೂ ಕೊಡುವದು ಆಗದ ಕೆಲಸವಲ್ಲ. ಮೊದಲನೆಯದರಲ್ಲಿ ಶಾಲೆಯ ಹೊತ್ತಿನ ಎರಡು ತಾಸುಗಳನ್ನು ಕೇಳಬೇಕು. ಎರಡನೆಯದರಲ್ಲಿ ಬಹಳ ಕೇಳುವದು ಬೇಡ: ಬಸ್‌ಸ್ಟ್ಯಾಂಡಿನಿಂದ ಶಾಲೆಯ ವರೆಗಿನ ಒಂದೇ ಬದಿಯ ಕಟ್ಟೆಯು ತೆರವಾಗಲಿ, ಗಟಾರದ ಮೇಲೆ ಒಡೆದ ಹಾಸುಗಲ್ಲುಗಳನ್ನು ಜೂನಿನಲ್ಲಿ ಶಾಲೆ ಕೂಡುವದರೊಳಗೆ ಬದಲಿಸಲಿ. ಮಳೆ ಬಿದ್ದು ಬೀದಿಯಲ್ಲಿ ನೀರು ನಿಂತ ಮೇಲೆ ಯಾವ ಕಲ್ಲು ಇದೆ, ಯಾವ ಕಲ್ಲು ಇಲ್ಲ ಎಂಬದು ನಡೆಯುವವಳಿಗೂ ತಿಳಿಯದು, ಸೈಕಲ್ಲಿನವಳಿಗೂ ತಿಳಿಯದು.