ಎಲ್ಲಕ್ಕೂ ‘ಖುಜ್ಲಿ’ ಎಂದರೆ ಸಾಕೇ?

ನಮ್ಮ ಮನೆಮಾತು ಉರ್ದು. ಮೈ ತುರಿಸಿದರೆ ನಮ್ಮ ಮನೆಯಲ್ಲಿ ಇರುವುದು ಒಂದೇ ಪದ: ಖುಜ್ಲಿ. ಸೊಳ್ಳೆ ಕಚ್ಚಿದರೂ ಖುಜ್ಲಿ, ತಂಗಿಯ ತಲೆಹೊಟ್ಟೂ ಖುಜ್ಲಿ, ಎಷ್ಟೋ ವರ್ಷಗಳಿಂದ ಅಬ್ಬಾ ಅವರ ಅಂಗೈ ಒಡೆದು ರಕ್ತ ಬರುತ್ತಿರುವುದೂ ಖುಜ್ಲಿ. ಅಕೌಂಟೆನ್ಸಿ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಆದರೆ ಅದನ್ನು ಹಾಗೇ ಬಿಡುವಂತಿಲ್ಲ, ತಪ್ಪು ಎಲ್ಲಿದೆ ಎಂದು ಹುಡುಕಿ ಖಾತೆ ಮುಚ್ಚಬೇಕು. ನಾವು ಖುಜ್ಲಿಯ ಖಾತೆಯನ್ನು ಇದುವರೆಗೆ ಮುಚ್ಚಿಯೇ ಇಲ್ಲ.

ಇದನ್ನು ಬರೆಯಲು ಕಾರಣ ಒಂದು ಬೆಂಚು. ಕಳೆದ ವರ್ಷ ಪ್ರಥಮ ಪಿಯುಸಿ ಸೇರಿದಾಗ ನನ್ನ ಪಕ್ಕ ಕೂರುತ್ತಿದ್ದ ಹುಡುಗನ ಮೊಣಕೈ ಮಡಿಕೆಗಳಲ್ಲಿ, ಕುತ್ತಿಗೆಯ ಸುತ್ತ ಚರ್ಮ ಕಪ್ಪಾಗಿ ದಪ್ಪವಾಗಿತ್ತು, ಕೆರೆದು ಗಾಯವಾಗಿತ್ತು. ಮೊದಲು ಒಬ್ಬ ಎದ್ದು ಬೇರೆ ಬೆಂಚಿಗೆ ಹೋದ. ಎರಡು ದಿನ ಬಿಟ್ಟು ನಾನೂ ಹೋದೆ. ಬೋರ್ಡ್ ಸರಿಯಾಗಿ ಕಾಣುವುದಿಲ್ಲ ಎಂದು ಸುಳ್ಳು ಹೇಳಿದೆ. ಅವನು ಏನೂ ಕೇಳಲಿಲ್ಲ, ಬ್ಯಾಗ್ ಸರಿಸಿ ದಾರಿ ಬಿಟ್ಟ. ಮೂವರ ಬೆಂಚಿನಲ್ಲಿ ಇಡೀ ವರ್ಷ ಒಬ್ಬನೇ ಕೂತ.

ದಸರಾ ರಜೆಯಲ್ಲಿ ಅಬ್ಬಾ ಅವರನ್ನು ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಅಂಗೈ ನೋಡಿ ಕೇಳಿದ ಮೊದಲ ಪ್ರಶ್ನೆ, “ಏನು ಕೆಲಸ ಮಾಡ್ತೀರಿ?” “ಗಾರೆ ಕೆಲಸ ಮೇಡಂ.” “ಸಿಮೆಂಟ್ ಬರಿಗೈಯಲ್ಲಿ ಮುಟ್ತೀರಾ?” ಮತ್ತೆ ಹೇಗೆ ಮುಟ್ಟುವುದು ಎನ್ನುವಂತೆ ಅಬ್ಬಾ ನನ್ನನ್ನು ನೋಡಿದರು. “ಇದು ಇಸುಬು. ಎಕ್ಸಿಮಾ ಅಂತಾರೆ. ಯಾರಿಗೂ ಅಂಟಲ್ಲ” ಎಂದರು ಡಾಕ್ಟರ್. ನಮ್ಮ ಹಿಂದೆ ಸಾಲಿನಲ್ಲಿದ್ದ ತಾಯಿಯ ಮಡಿಲಲ್ಲಿ ಒಂದು ಮಗು ಇತ್ತು. ಅದರ ಮೊಣಕೈ ಮಡಿಕೆ ಥೇಟ್ ನನ್ನ ಸಹಪಾಠಿಯದರಂತೆಯೇ ಇತ್ತು. ಆ ತಾಯಿಗೂ ಅದೇ ಹೆಸರು ಹೇಳಿದರು, ಇಸುಬು, ಆದರೆ ಬೇರೆ ಬಗೆಯದು.

ಈದ್ ನಮಾಜಿನ ನಂತರ ಅಬ್ಬಾ ಮುಸಾಫಹಕ್ಕೆ ಕೈ ಚಾಚುವುದಿಲ್ಲ. ಎದೆಯ ಮೇಲೆ ಕೈ ಇಟ್ಟು ಸಲಾಂ ಹೇಳುತ್ತಾರೆ. ಅದು ಅವರ ಅಭ್ಯಾಸ ಎಂದೇ ನಾನು ಚಿಕ್ಕಂದಿನಿಂದ ತಿಳಿದಿದ್ದೆ.

ಕನ್ನಡದಲ್ಲಿ ಈ ವಿಷಯಕ್ಕೆ ನಮ್ಮ ಮನೆಯಲ್ಲಿ ಬಳಸುವುದಕ್ಕಿಂತ ಹೆಚ್ಚು ಪದಗಳು ಬಳಕೆಯಲ್ಲಿವೆ. ಕಜ್ಜಿ ಬೇರೆ, ಹುಳುಕಡ್ಡಿ ಬೇರೆ, ಇಸುಬು ಬೇರೆ. ಕಜ್ಜಿ ಬರುವುದು ಚರ್ಮದೊಳಗೆ ಕೊರೆದು ಮೊಟ್ಟೆಯಿಡುವ ಸೂಕ್ಷ್ಮ ಜೀವಿಯಿಂದ, ಅದು ಅಂಟುತ್ತದೆ. ಹುಳುಕಡ್ಡಿಯಲ್ಲಿ ಹೆಸರಿಗೆ ಮಾತ್ರ ಹುಳು, ನಿಜವಾದ ಕಾರಣ ಶಿಲೀಂಧ್ರ. ಒಬ್ಬರ ಟವೆಲ್ ಇನ್ನೊಬ್ಬರು ಬಳಸಿದರೆ ಅದೂ ಅಂಟುತ್ತದೆ. ಇಸುಬು ಮಾತ್ರ ಮೈಯೊಳಗಿನ ವ್ಯವಹಾರ. ಚರ್ಮದ ರಕ್ಷಣೆಯ ಪದರ ದುರ್ಬಲವಾಗಿ, ದೇಹದ ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಕೆರಳಿ ಬರುವ ಉರಿಯೂತ. ಎಕ್ಸಿಮಾ ಎಂಬ ಪದ ಗ್ರೀಕ್ ಭಾಷೆಯದು, ‘ಉಕ್ಕಿ ಕುದಿಯುವುದು’ ಎಂದು ಅದರ ಅರ್ಥ. ಮೂರನ್ನೂ ಒಂದೇ ಹೆಸರಿನಿಂದ ಕರೆದಾಗ ಅಂಟದ ರೋಗದವನೂ ಅಂಟುವ ರೋಗದವನ ಜಾಗದಲ್ಲಿ ಕೂರಬೇಕಾಗುತ್ತದೆ. ನಮ್ಮ ತರಗತಿಯಲ್ಲಿ ಆಗಿದ್ದು ಅದೇ.

ಇದೇನೂ ಅಪರೂಪದ ರೋಗವಲ್ಲ. ನನ್ನ ಸಹಪಾಠಿಗೆ ಇರುವ ಬಗೆಗೆ ಅಟೋಪಿಕ್ ಡರ್ಮಟೈಟಿಸ್ ಎಂದು ಹೆಸರು. 2022ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 22 ಕೋಟಿ ಜನರಿಗೆ ಇದು ಇದೆ. ಹೆಚ್ಚಿನವರಲ್ಲಿ ಐದು ವರ್ಷದೊಳಗೇ ಶುರುವಾಗುತ್ತದೆ, ಹಲವರಿಗೆ ಜೊತೆಯಲ್ಲಿ ಆಸ್ತಮಾ ಅಥವಾ ಅಲರ್ಜಿಯ ನೆಗಡಿ ಇರುತ್ತದೆ. ಐಸಾಕ್ ಎಂಬ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ 6–7 ವರ್ಷದ ಮಕ್ಕಳನ್ನು ನೋಡಿದಾಗ ಈಕ್ವೆಡಾರ್‌ನಲ್ಲಿ ನೂರಕ್ಕೆ 22.5 ಮಕ್ಕಳಲ್ಲಿ ಇದರ ಲಕ್ಷಣಗಳಿದ್ದವು, ಭಾರತದ ಒಂದು ಕೇಂದ್ರದಲ್ಲಿ ಕೇವಲ 0.9. ಹಾಗಾದರೆ ನಮ್ಮಲ್ಲಿ ಕಡಿಮೆ ಎಂದು ಸಮಾಧಾನ ಪಡಬಹುದೇ? ನೂರಕ್ಕೆ ಒಬ್ಬರೇ ಎಂದು ಹಿಡಿದರೂ ಸಾವಿರ ಮಕ್ಕಳ ಒಂದು ಕಾಲೇಜಿನಲ್ಲಿ ಹತ್ತು ಜನ ಆಗುತ್ತಾರೆ. ಅದೂ ಒಂದು ಬಗೆಯ ಇಸುಬು ಮಾತ್ರ. ಕೈಗಳ ಇಸುಬನ್ನು ಬೇರೆಯಾಗಿ ಲೆಕ್ಕ ಹಾಕಿದರೆ, ಹೆಚ್ಚಾಗಿ ಯೂರೋಪಿನಲ್ಲಿ ನಡೆದ ಅಧ್ಯಯನಗಳ ಪ್ರಕಾರ, ಒಂದು ವರ್ಷದ ಅವಧಿಯಲ್ಲಿ ನೂರಕ್ಕೆ ಸುಮಾರು 9 ಜನರಿಗೆ ಅದು ಬಂದಿರುತ್ತದೆ. ತಲೆಹೊಟ್ಟು ಸೆಬೊರಿಕ್ ಎಂಬ ಬಗೆಯ ಸೌಮ್ಯ ರೂಪ. ಅದು ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಒಂದಲ್ಲ ಒಂದು ಕಾಲದಲ್ಲಿ ಕಾಡುತ್ತದೆ. ಬೆಂಚು ಬಿಟ್ಟು ಎದ್ದ ನನ್ನ ತಲೆಯಲ್ಲೂ ಅದು ಧಾರಾಳವಾಗಿದೆ.

ಇನ್ನೂ ಕೆಲವು ಬಗೆಗಳಿವೆ. ಬೆರಳುಗಳ ಬದಿಯಲ್ಲಿ, ಅಂಗೈಯಲ್ಲಿ ಸಬ್ಬಕ್ಕಿಯಂತೆ ಸಣ್ಣ ನೀರ್ಗುಳ್ಳೆ ಏಳುವುದು ಒಂದು. ನಾಣ್ಯದಂತೆ ದುಂಡಗೆ ಬರುವುದು ಇನ್ನೊಂದು. ಇದನ್ನು ಜನ ಹುಳುಕಡ್ಡಿ ಎಂದೇ ತಿಳಿಯುತ್ತಾರೆ. ಕಾಲಿನ ರಕ್ತನಾಳಗಳು ದುರ್ಬಲವಾದಾಗ ಕಣಕಾಲಿನ ಹತ್ತಿರ ಬರುವುದು ಮತ್ತೊಂದು. ದಿನವಿಡೀ ನಿಂತೇ ಪಾಠ ಮಾಡುವ ನಮ್ಮ ಉಪನ್ಯಾಸಕರು ಕಾಲು ಊದುತ್ತಿದ್ದರೆ ಒಮ್ಮೆ ತೋರಿಸಿಕೊಳ್ಳಲಿ.

ಆದರೆ ನಾನು ಹೆಚ್ಚು ಹೇಳಬೇಕೆಂದಿರುವುದು ಮುಟ್ಟುವ ವಸ್ತುವಿನಿಂದ ಬರುವ ಇಸುಬಿನ ಬಗ್ಗೆ. ಅದನ್ನು ಬರದಂತೆ ತಡೆಯಬಹುದು. ಅಬ್ಬಾ ಅವರದು ಈ ಬಗೆ. ಸಿಮೆಂಟಿನಲ್ಲಿ ಕ್ರೋಮಿಯಂ ಲವಣದ ಅಂಶ ಇರುತ್ತದೆ. ಅದಕ್ಕೆ ಮೈ ಒಮ್ಮೆ ಒಗ್ಗದೆ ಹೋದರೆ ಮುಂದೆ ಸ್ವಲ್ಪ ಮುಟ್ಟಿದರೂ ಕೈ ಕೆರಳುತ್ತದೆ. ಯೂರೋಪಿನ ಒಕ್ಕೂಟದಲ್ಲಿ 2005ರಿಂದ ಸಿಮೆಂಟಿನಲ್ಲಿ ಈ ಅಂಶಕ್ಕೆ ಮಿತಿ ಇದೆ. ಅದಕ್ಕಾಗಿ ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸುತ್ತಾರೆ. ನಮ್ಮ ಊರಿನಲ್ಲಿ ಮೇಸ್ತ್ರಿ ಒಂದು ಜೊತೆ ರಬ್ಬರ್ ಗ್ಲೌಸ್ ಕೊಟ್ಟರೆ ಅದೇ ದೊಡ್ಡದು.

ಎರಡನೆಯದು ಮೆಹಂದಿ. ನಿಜವಾದ ಗೋರಂಟಿ ಕೆಂಪು ಕಂದು ಬಣ್ಣ ಬಿಡುತ್ತದೆ, ಬಣ್ಣ ಏರಲು ಗಂಟೆಗಟ್ಟಲೆ ಬೇಕು. ಹತ್ತೇ ನಿಮಿಷದಲ್ಲಿ ಕಪ್ಪಾಗುವ ಕೋನ್‌ಗಳಲ್ಲಿ ಹೆಚ್ಚಾಗಿ ತಲೆಗೂದಲಿನ ಡೈಗೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಬೆರೆತಿರುತ್ತದೆ. ಮೊದಲ ಸಲ ಏನೂ ಆಗದೇ ಇರಬಹುದು. ಎರಡನೆಯ ಈದ್‌ಗೋ ಮೂರನೆಯ ಮದುವೆಗೋ ಹೂಬಳ್ಳಿಯ ಗೆರೆಯ ಮೇಲೆಯೇ ಗುಳ್ಳೆ ಏಳುತ್ತವೆ. ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಮುಂದೆ ಡೈ ಹಚ್ಚುವಂತೆಯೂ ಇಲ್ಲ. ನಮ್ಮ ಕಾಲೇಜಿನ ಮೆಹಂದಿ ಸ್ಪರ್ಧೆಯಲ್ಲಿ ಕಪ್ಪು ಕೋನ್ ಬಳಸುವಂತಿಲ್ಲ ಎಂದು ಒಂದು ನಿಯಮ ಸೇರಿಸಿದರೆ ಸಾಕು, ಖರ್ಚೂ ಇಲ್ಲ.

ಮೂರನೆಯದು ಕಾಲೇಜಿನ ಹಿಂದಿನ ಖಾಲಿ ಜಾಗದಲ್ಲೇ ಬೆಳೆದಿದೆ, ಪಾರ್ಥೇನಿಯಂ. ನಾವು ಕಾಂಗ್ರೆಸ್ ಗಿಡ ಎನ್ನುತ್ತೇವೆ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶದ ತುಂಬ ಹರಡಿದ ಈ ಕಳೆ, ಗಾಳಿಯಲ್ಲಿ ತೇಲುವ ತನ್ನ ಪುಡಿಯಿಂದಲೇ ರೆಪ್ಪೆ, ಮುಖ, ಕುತ್ತಿಗೆಗೆ ಇಸುಬು ತರಬಲ್ಲದು. ಕಳೆದ ಎನ್‌ಎಸ್‌ಎಸ್ ಶ್ರಮದಾನದಲ್ಲಿ ನಾವು ಅದನ್ನು ಬರಿಗೈಯಲ್ಲಿ ಕಿತ್ತೆವು, ಅದೂ ಹೂ ಬಿಟ್ಟ ಮೇಲೆ. ಚಪ್ಪಾಳೆ ಸಿಕ್ಕಿತು, ಫೋಟೋ ಬಂತು. ಮುಂದಿನ ಸಲ ಗ್ಲೌಸ್ ಕೊಡಿ, ಹೂ ಬಿಡುವ ಮೊದಲೇ ಕರೆಯಿರಿ.

ಇನ್ನು ಮೆಡಿಕಲ್ ಶಾಪಿನ ಟ್ಯೂಬ್. “ಖುಜ್ಲಿಗೆ ಏನಾದ್ರೂ ಕೊಡಿ” ಎಂದರೆ ಸಿಗುವುದು ಸ್ಟೀರಾಯ್ಡ್, ಶಿಲೀಂಧ್ರದ ಔಷಧ, ಆ್ಯಂಟಿಬಯಾಟಿಕ್ ಮೂರೂ ಬೆರೆತ ಮುಲಾಮು. ರೋಗ ಯಾವುದೇ ಇರಲಿ, ಒಂದಾದರೂ ಹತ್ತಲಿ ಎಂಬ ಲೆಕ್ಕ. ಹುಳುಕಡ್ಡಿಗೆ ಸ್ಟೀರಾಯ್ಡ್ ಹಚ್ಚಿದರೆ ತುರಿಕೆ ನಿಂತಂತೆ ಕಂಡು ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಸ್ಟೀರಾಯ್ಡೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಇಸುಬಿಗೆ ಅದು ಮುಖ್ಯ ಔಷಧ, ಅಬ್ಬಾ ಅವರಿಗೂ ಅದನ್ನೇ ಬರೆದುಕೊಟ್ಟರು. ಆದರೆ ಯಾವ ಶಕ್ತಿಯದು, ಎಲ್ಲಿಗೆ, ಎಷ್ಟು ದಿನ ಎಂದು ಡಾಕ್ಟರೇ ಹೇಳಬೇಕು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಆದೇಶ ಮಾಡಿದೆ. ನಾನು ಹೋದ ವಾರವೂ ಚೀಟಿ ಇಲ್ಲದೆ ಕೇಳಿದೆ, ಕೊಟ್ಟರು.

ಆಡಳಿತ ಮಂಡಳಿಗೆ ಇನ್ನೂ ಒಂದು ಮನವಿ. ನಾವು ಕೆಲವರು ಕಾಲೇಜಿನಲ್ಲೇ ಜುಹರ್‌ಗೆ ವುಜೂ ಮಾಡುತ್ತೇವೆ. ಇಸುಬು ಇರುವವರಿಗೆ ಮತ್ತೆ ಮತ್ತೆ ಕೈ ಒದ್ದೆಯಾಗಿ ಹಾಗೇ ಒಣಗಿದರೆ ಚರ್ಮ ಇನ್ನಷ್ಟು ಒಡೆಯುತ್ತದೆ. ಒದ್ದೆ ಆರುವ ಮೊದಲು ಒತ್ತಿ ಒರೆಸಿ ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಬೇಕು. ಕೈ ತೊಳೆಯುವ ಕಡೆ ಇಟ್ಟಿರುವುದು ಪಾತ್ರೆ ತೊಳೆಯುವ ಸೋಪಿನ ತುಂಡು. ಅದರ ಬದಲು ಸಾಧಾರಣ ಮೈಸೋಪು ಇಡಬಹುದು. ವಾರ್ಷಿಕ ಆರೋಗ್ಯ ತಪಾಸಣೆಗೆ ಕಣ್ಣಿನ ಡಾಕ್ಟರ್, ಹಲ್ಲಿನ ಡಾಕ್ಟರ್ ಬರುತ್ತಾರೆ. ಈ ವರ್ಷ ಚರ್ಮದ ಡಾಕ್ಟರೂ ಬರಲಿ.

ಈ ಲೇಖನ ಕೊಡುವ ಮೊದಲು ನನ್ನ ಹಳೆಯ ಬೆಂಚಿನವನಿಗೆ ಓದಲು ಕೊಟ್ಟೆ. ಬೋರ್ಡಿನ ಸುಳ್ಳು ಅವನಿಗೆ ಅಂದೇ ಗೊತ್ತಾಗಿತ್ತಂತೆ. ಹೆಸರು ಹಾಕಬೇಡ ಎಂದ. ಆಮೇಲೆ, “ಮುಖ್ಯವಾದದ್ದೇ ಬಿಟ್ಟಿದ್ದೀಯ. ತುರಿಕೆ ರಾತ್ರಿ ಜಾಸ್ತಿ, ನಿದ್ದೆ ಬರಲ್ಲ. ಫಸ್ಟ್ ಪೀರಿಯಡ್‌ನಲ್ಲಿ ತೂಕಡಿಸಿದ್ದಕ್ಕೆ ಎಷ್ಟು ಸಲ ನಿಂತಿದ್ದೀನಿ ಅಂತ ನಿನಗೇ ಗೊತ್ತಲ್ಲ” ಎಂದ. ಬರೆದಿದ್ದೇನೆ. ಮೊದಲ ಪೀರಿಯಡ್ ತೆಗೆದುಕೊಳ್ಳುವ ಸರ್ ದಯವಿಟ್ಟು ಗಮನಿಸಬೇಕು.