ನೀಲಗಿರಿಯ ಹೆಸರು, ಲಂಡನ್ನಿನ ಔತಣ

೨೦೨೧ರ ಜುಲೈ ೧೪ರಂದು ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್ ಎಂಬ ಭವ್ಯ ಸೌಧದಲ್ಲಿ ಒಂದು ಸಂಜೆಕೂಟ ಏರ್ಪಟ್ಟಿತ್ತು. ‘ನೀಲಗಿರಿ ಬೆಟ್ಟಗಳಲ್ಲೊಂದು ನಕ್ಷತ್ರಗಳ ಇರುಳು’ ಎಂಬರ್ಥದ ಇಂಗ್ಲಿಷ್ ಹೆಸರನ್ನು ಅದಕ್ಕೆ ಇಡಲಾಗಿತ್ತು. ಏಷ್ಯಾದ ಆನೆಗಳ ರಕ್ಷಣೆಗಾಗಿ ಹಣ ಕೂಡಿಸುವ ‘ಎಲಿಫೆಂಟ್ ಫ್ಯಾಮಿಲಿ’ ಎಂಬ ಸಂಸ್ಥೆ ಬ್ರಿಟಿಷ್ ಏಷ್ಯನ್ ಟ್ರಸ್ಟ್‌ನ ಜೊತೆಗೂಡಿ ಇದನ್ನು ನಡೆಸಿತು. ಅಂದಿನ ಯುವರಾಜ ಚಾರ್ಲ್ಸ್ ಮತ್ತು ಅವರ ಪತ್ನಿ ಕ್ಯಾಮಿಲಾ ಕೂಟದ ಕೇಂದ್ರಬಿಂದುವಾಗಿದ್ದರು. ೨೦೨೩ರ ಜೂನ್ ೨೮ರಂದು ಅದೇ ಸೌಧದಲ್ಲಿ, ಅದೇ ಸಂಸ್ಥೆಯ ಇಪ್ಪತ್ತು ವರ್ಷಗಳ ನೆನಪಿಗೆ, ‘ಪ್ರಾಣಿಗಳ ನೃತ್ಯಕೂಟ’ ಜರುಗಿತು. ಅಷ್ಟು ಹೊತ್ತಿಗೆ ಚಾರ್ಲ್ಸ್ ದೊರೆಯಾಗಿದ್ದರು. ಅತಿಥಿಗಳು ಕಾಡುಪ್ರಾಣಿಗಳ ಮುಖವಾಡ ಧರಿಸಿ ಬಂದಿದ್ದರು.

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತರೆ ದಕ್ಷಿಣಕ್ಕೆ ನೀಲಿಯಾಗಿ ಹಬ್ಬಿರುವ ಬೆಟ್ಟಸಾಲೇ ಆ ನೀಲಗಿರಿ. ಬಂಡೀಪುರ, ನಾಗರಹೊಳೆ, ಮುದುಮಲೆ, ವಯನಾಡುಗಳನ್ನು ಒಳಗೊಂಡು ೧೯೮೬ರಲ್ಲಿ ಘೋಷಿತವಾದ ಜೀವಗೋಳ ಮೀಸಲಿಗೆ ಅದರದೇ ಹೆಸರು. ಅಲ್ಲಿನ ಆನೆಗಳಿಗೆ ರಾಜ್ಯಗಳ ಗಡಿ ತಿಳಿಯದು. ಹೀಗಾಗಿ ನೀಲಗಿರಿಯ ಹೆಸರಿನಲ್ಲಿ ಲಂಡನ್ನಿನಲ್ಲಿ ನಡೆದ ಔತಣದ ವಿಷಯ ಗುಂಡ್ಲುಪೇಟೆಯ ರೈತನಿಗೂ ಕೊಡಗಿನ ಕೂಲಿಕಾರನಿಗೂ ಸಂಬಂಧಿಸಿದ್ದೇ ಆಗಿದೆ. ಅವರು ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿ ನೀಡಲಾಗುತ್ತಿರುವುದು ದಾನವೋ, ಬಹುಕಾಲದಿಂದ ಬಾಕಿ ಉಳಿದ ಸಾಲದ ಒಂದು ಚೂರೋ?

ಲಂಟಾನದ ಆನೆ

೨೦೨೧ರ ಬೇಸಿಗೆಯಲ್ಲಿ ಲಂಡನ್ನಿನ ರಾಜೋದ್ಯಾನಗಳಲ್ಲಿ ಆನೆಗಳ ಒಂದು ದೊಡ್ಡ ಹಿಂಡು ನಿಂತಿತ್ತು. ಅವು ನೀಲಗಿರಿಯ ಗೂಡಲೂರು ಸೀಮೆಯ ಆದಿವಾಸಿ ಕುಶಲಕರ್ಮಿಗಳು ಲಂಟಾನದ ಕಡ್ಡಿಗಳಿಂದ ಹೆಣೆದ, ನಿಜಗಾತ್ರದ ಆನೆಗಳು. ಬೆಟ್ಟಕುರುಬರು, ಪಣಿಯರು, ಕಾಟ್ಟುನಾಯಕರು ತಾವು ದಿನನಿತ್ಯ ಕಾಣುವ ಆನೆಗಳನ್ನೇ ಮಾದರಿಯಾಗಿಟ್ಟುಕೊಂಡು ಅವುಗಳನ್ನು ರೂಪಿಸಿದ್ದರು. ಆ ಕೈಚಳಕಕ್ಕೆ ತಲೆಬಾಗಲೇಬೇಕು. ಅದರಿಂದ ದೊರೆತ ಕೂಲಿಯೂ ನ್ಯಾಯವಾದದ್ದೇ. ಮಲೆಮಹದೇಶ್ವರ ಬೆಟ್ಟದ ಸೋಲಿಗರೂ ಇಪ್ಪತ್ತು ವರ್ಷಗಳಿಂದ ಲಂಟಾನದಲ್ಲಿ ಪೀಠೋಪಕರಣ, ಬುಟ್ಟಿ ಮಾಡಿ ಬದುಕು ಕಟ್ಟಿಕೊಂಡಿದ್ದಾರೆ. ಇಲ್ಲಿನ ಆಕ್ಷೇಪ ಹೆಣೆದ ಕೈಗಳ ಕುರಿತದ್ದಲ್ಲ, ಆ ಆನೆಗಳ ನಡುವೆ ನಿಂತು ಔದಾರ್ಯದ ಕೀರ್ತಿ ಪಡೆದವರ ಕುರಿತದ್ದು.

ಲಂಟಾನ ಈ ನೆಲದ ಗಿಡವಲ್ಲ. ಅದರ ತವರು ಅಮೆರಿಕದ ಉಷ್ಣವಲಯ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷರು ಅದನ್ನು ಅಲಂಕಾರದ ಹೂಗಿಡವೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಬಂಗಲೆಗಳ ಬೇಲಿಯಾಗಿ ಅದು ಊರೂರಿಗೆ ಹೋಯಿತು. ಹಣ್ಣು ತಿಂದ ಪಿಕಳಾರಗಳು ಬೀಜವನ್ನು ಕಾಡಿಗೆ ಒಯ್ದವು. ೨೦೨೦ರಲ್ಲಿ ಪ್ರಕಟವಾದ ಭಾರತೀಯ ವಿಜ್ಞಾನಿಗಳ ಅಧ್ಯಯನವೊಂದರ ಪ್ರಕಾರ, ದೇಶದ ಹುಲಿ ಆವಾಸದ ಶೇಕಡಾ ೪೦ಕ್ಕಿಂತ ಹೆಚ್ಚು ಭಾಗ, ಅಂದರೆ ಸುಮಾರು ೧,೫೪,೦೦೦ ಚದರ ಕಿಲೋಮೀಟರ್, ಲಂಟಾನದ ಹಿಡಿತಕ್ಕೆ ಸಿಕ್ಕಿದೆ. ಲಂಟಾನದ ಪೊದೆಯಡಿ ಹುಲ್ಲು ಏಳುವುದಿಲ್ಲ, ಮರದ ಸಸಿ ಮೇಲೆ ಬರುವುದಿಲ್ಲ. ಎಲೆ ಮೇಯ್ದ ದನಕ್ಕೆ ಯಕೃತ್ತು ಕೆಟ್ಟು ಕಾಮಾಲೆ ಹಿಡಿಯುತ್ತದೆ. ಹುಲ್ಲಿಲ್ಲದ ಕಾಡಿನಿಂದ ಆನೆ ಗದ್ದೆಗೆ ಇಳಿಯುವುದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಈ ಕಾರಣ ಸಣ್ಣದಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೆ ಇನ್ನೊಂದು ವಿವರಣೆಯನ್ನು ಸೇರಿಸುತ್ತಾರೆ. ಹಿಂದೆ ಬೇಸಿಗೆಯ ಮೊದಲಲ್ಲಿ ಅವರು ಹಾಕುತ್ತಿದ್ದ ‘ತರಗು ಬೆಂಕಿ’ ನೆಲದ ತರಗೆಲೆಯನ್ನಷ್ಟೇ ಸುಟ್ಟು, ಲಂಟಾನದ ಎಳೆಸಸಿಗಳನ್ನು ಕೊಲ್ಲುತ್ತಿತ್ತು, ಹುಲ್ಲಿಗೆ ದಾರಿ ಮಾಡುತ್ತಿತ್ತು. ಅರಣ್ಯ ಕಾನೂನುಗಳು ಆ ಬೆಂಕಿಯನ್ನು ಅಪರಾಧವಾಗಿಸಿದ ಮೇಲೆ ಲಂಟಾನ ತಲೆಯೆತ್ತಿತು. ಗಿಡ ತಂದದ್ದು ಸಾಮ್ರಾಜ್ಯ. ಕಾಡಿನವರ ಕೈಯಿಂದ ಕಾಡನ್ನು ಕಸಿದ ಅರಣ್ಯಾಡಳಿತಕ್ಕೆ ಅಡಿಪಾಯ ಹಾಕಿದ್ದೂ ಸಾಮ್ರಾಜ್ಯ. ಸ್ವತಂತ್ರ ಭಾರತದ ಸರ್ಕಾರಗಳು ಅದೇ ದಾರಿಯಲ್ಲಿ ನಡೆದವು, ಅವೂ ಹೊಣೆಗಾರರೇ. ಆದರೆ ಆ ಗಿಡದ ಕಡ್ಡಿಯಿಂದಲೇ ಮಾಡಿದ ಆನೆಯ ಪಕ್ಕದಲ್ಲಿ ಆ ಸಾಮ್ರಾಜ್ಯದ ವಾರಸುದಾರರು ನಿಂತಾಗ ಯಾರೂ ಈ ಕಥೆಯನ್ನು ನೆನೆಯದಿರುವುದು ಆಕಸ್ಮಿಕವಲ್ಲ. ಔತಣದ ಮೇಜಿನ ಮೇಲೆ ಇತಿಹಾಸ ಬಡಿಸುವುದು ಶಿಷ್ಟಾಚಾರವಲ್ಲ.

ಕೋವಿಯಿಂದ ಬಟ್ಟಲಿಗೆ

ಅರಮನೆಗಳ ವನ್ಯಜೀವಿ ಪ್ರೇಮಕ್ಕೆ ಒಂದು ವಂಶಾವಳಿ ಇದೆ. ೧೯೧೧ರ ಡಿಸೆಂಬರ್‌ನಲ್ಲಿ ದೆಹಲಿ ದರ್ಬಾರು ಮುಗಿಸಿದ ಐದನೆಯ ಜಾರ್ಜ್ ನೇಪಾಳದ ತರಾಯಿಗೆ ಬೇಟೆಗೆ ಹೋದರು. ಹತ್ತು ದಿನಗಳಲ್ಲಿ ಅವರ ತಂಡ ೩೯ ಹುಲಿಗಳನ್ನೂ ೧೮ ಖಡ್ಗಮೃಗಗಳನ್ನೂ ಕೊಂದಿತು. ಅವರು ಇಂದಿನ ದೊರೆಯ ಮುತ್ತಜ್ಜ. ೧೯೨೨ರ ಜನವರಿಯಲ್ಲಿ ವೇಲ್ಸ್ ರಾಜಕುಮಾರ ಎಡ್ವರ್ಡ್ ಮೈಸೂರಿಗೆ ಬಂದಾಗ ಅವರ ವಿನೋದಕ್ಕಾಗಿ ಕಾಕನಕೋಟೆಯ ಕಾಡಿನಲ್ಲಿ ಖೆಡ್ಡಾ ಏರ್ಪಟ್ಟಿತು. ಅಂಥ ಖೆಡ್ಡಾಗಳಲ್ಲಿ ಹಿಂಡನ್ನು ಅಟ್ಟಿಕೊಂಡು ಬಂದವರು ಕಾಡುಕುರುಬರು, ಚಪ್ಪಾಳೆ ತಟ್ಟಿದವರು ಅತಿಥಿಗಳು. ೧೯೭೧ರಲ್ಲಿ ಕೊನೆಯ ಖೆಡ್ಡಾ ನಡೆದ ಮೇಲೆ ಆ ನೆಲವೇ ಕಬಿನಿಯ ಹಿನ್ನೀರಿನಲ್ಲಿ ಮುಳುಗಿತು.

೧೯೬೧ರ ಕಥೆ ಇನ್ನೂ ಸ್ವಾರಸ್ಯಕರ. ಆ ವರ್ಷದ ಜನವರಿಯಲ್ಲಿ ರಾಣಿ ಎಲಿಜಬೆತ್ ಅವರ ಪತಿ ಫಿಲಿಪ್, ಜೈಪುರದ ಮಹಾರಾಜರ ಅತಿಥಿಯಾಗಿ ರಣಥಂಬೋರಿನ ಕಾಡಿನಲ್ಲಿ ಹುಲಿಯೊಂದನ್ನು ಗುಂಡಿಟ್ಟು ಕೊಂದರು. ಅದೇ ವರ್ಷ ‘ವಿಶ್ವ ವನ್ಯಜೀವಿ ನಿಧಿ’ ಹುಟ್ಟಿತು. ಅದರ ಬ್ರಿಟಿಷ್ ಶಾಖೆಯ ಅಧ್ಯಕ್ಷ ಪೀಠ ಏರಿದವರು ಇದೇ ಫಿಲಿಪ್. ಅಂತರರಾಷ್ಟ್ರೀಯ ನಿಧಿಯ ಮೊದಲ ಅಧ್ಯಕ್ಷರು ನೆದರ್ಲೆಂಡ್ಸ್‌ನ ರಾಜಕುಮಾರ ಬೆರ್ನ್‌ಹಾರ್ಡ್. ೧೯೭೦ರ ದಶಕದ ಆರಂಭದಲ್ಲಿ ಅವರ ನೇತೃತ್ವದಲ್ಲಿ ತಲಾ ೧೦,೦೦೦ ಡಾಲರ್ ಕೊಟ್ಟ ೧,೦೦೧ ಮಂದಿ ಸಿರಿವಂತರ ಕೂಟವೊಂದು ರೂಪುಗೊಂಡಿತು. ಸದಸ್ಯರ ಹೆಸರುಗಳನ್ನು ಸಂಸ್ಥೆ ಗುಟ್ಟಾಗಿಯೇ ಇರಿಸಿತು. ೧೯೭೬ರಲ್ಲಿ ವಿಮಾನ ಕಂಪನಿ ಲಾಕ್‌ಹೀಡ್‌ನ ಲಂಚ ಹಗರಣದಲ್ಲಿ ಸಿಲುಕಿ ಬೆರ್ನ್‌ಹಾರ್ಡ್ ಪದವಿ ತೊರೆದರು. ಸ್ಪೇನಿನ ದೊರೆ ಹುವಾನ್ ಕಾರ್ಲೊಸ್ ಅದೇ ನಿಧಿಯ ಸ್ಪೇನ್ ಶಾಖೆಯ ಗೌರವಾಧ್ಯಕ್ಷರಾಗಿದ್ದರು. ೨೦೧೨ರ ಏಪ್ರಿಲ್‌ನಲ್ಲಿ ಅವರು ಬೋಟ್ಸ್ವಾನಾದಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಅಲ್ಲಿಗೆ ಹೋದದ್ದು ಆನೆ ಬೇಟೆಗೆಂದು ಜಗತ್ತಿಗೆ ತಿಳಿಯಿತು. ಜುಲೈನಲ್ಲಿ ಸದಸ್ಯರು ೨೨೬ ಮತಗಳಿಗೆ ೧೩ರಂತೆ ಆ ಗೌರವ ಪದವಿಯನ್ನೇ ರದ್ದುಪಡಿಸಿದರು.

ಹಸು ಕೊಂದು ಕೆರ ದಾನ ಮಾಡಿದ ಹಾಗೆ ಎಂಬ ಹಳ್ಳಿಯ ಗಾದೆಗೆ ಇದಕ್ಕಿಂತ ಒಪ್ಪುವ ದೃಷ್ಟಾಂತ ಸಿಗಲಾರದು. ಚಾರ್ಲ್ಸ್ ಅವರು ಪರಿಸರದ ಬಗ್ಗೆ ದಶಕಗಳಿಂದ ಮಾತನಾಡುತ್ತ ಬಂದವರು. ಅವರ ಕಾಳಜಿ ಪ್ರಾಮಾಣಿಕವಾಗಿರಬಹುದು. ಪ್ರಶ್ನೆ ವ್ಯಕ್ತಿಯದಲ್ಲ, ಏರ್ಪಾಡಿನದು.

ಔತಣದ ಲೆಕ್ಕ

ಇಂಥ ಕೂಟದಲ್ಲಿ ಮಾರಾಟವಾಗುವ ಸರಕು ಯಾವುದು? ಊಟವೂ ಅಲ್ಲ, ಆನೆಯೂ ಅಲ್ಲ. ರಾಜಮನೆತನದವರ ಪಕ್ಕದಲ್ಲಿ ಕೂರುವ ಅವಕಾಶ, ಪತ್ರಿಕೆಯಲ್ಲಿ ಬರುವ ಚಿತ್ರ, ಜೊತೆಗೆ ‘ದಾನಶೂರ’ ಎಂಬ ಬಿರುದು. ಕೊಂಡವನು ತನ್ನ ಸಂಪತ್ತು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ಗಣಿಯಿಂದ ಬಂದಿದ್ದರೂ ತೈಲದಿಂದ ಬಂದಿದ್ದರೂ ಬಟ್ಟಲಿನಲ್ಲಿ ಅದರ ಬಣ್ಣ ಒಂದೇ. ೨೦೨೨ರ ಜೂನ್‌ನಲ್ಲಿ ಲಂಡನ್ನಿನ ಪತ್ರಿಕೆಯೊಂದು ಮಾಡಿದ ವರದಿ ನೆನಪಿಡತಕ್ಕದ್ದು: ೨೦೧೧ರಿಂದ ೨೦೧೫ರ ನಡುವೆ ಕತಾರಿನ ಮಾಜಿ ಪ್ರಧಾನಿಯೊಬ್ಬರು ಚಾರ್ಲ್ಸ್ ಅವರಿಗೆ ಒಟ್ಟು ಮೂವತ್ತು ಲಕ್ಷ ಯೂರೋಗಳನ್ನು ನಗದಾಗಿ ಕೊಟ್ಟಿದ್ದರು. ಒಮ್ಮೆ ಅದು ಸೂಟ್‌ಕೇಸಿನಲ್ಲೇ ಬಂದಿತ್ತು. ಹಣವನ್ನು ಕೂಡಲೇ ದತ್ತಿ ಸಂಸ್ಥೆಗೆ ವರ್ಗಾಯಿಸಲಾಯಿತೆಂದು ಅವರ ಕಚೇರಿ ತಿಳಿಸಿತು. ತನಿಖೆಗೆ ಕಾರಣವಿಲ್ಲವೆಂದು ಅಲ್ಲಿನ ದತ್ತಿ ಆಯೋಗ ಕೈತೊಳೆದುಕೊಂಡಿತು. ಸೂಟ್‌ಕೇಸಿನಲ್ಲಿ ನೋಟು ತುಂಬಿಕೊಂಡು ಹೋದ ಬೇರೆಯವರಿಗೆ ಇಷ್ಟು ಮರ್ಯಾದೆ ಸಿಕ್ಕೀತೇ?

ಇನ್ನು ತೆರಿಗೆಯ ಮಾತು. ಬ್ರಿಟನ್ನಿನಲ್ಲಿ ತೆರಿಗೆದಾರನು ನೀಡಿದ ಅರ್ಹ ದಾನದ ಪ್ರತಿ ಪೌಂಡಿಗೆ ದತ್ತಿ ಸಂಸ್ಥೆಯು ಸರ್ಕಾರದಿಂದ ೨೫ ಪೆನ್ಸ್ ಪಡೆಯಬಹುದು. ಅಂದರೆ ಸಿರಿವಂತನ ಔದಾರ್ಯಕ್ಕೆ ಬಸ್ಸು ಚಾಲಕನ ತೆರಿಗೆಯ ಪಾಲೂ ಸೇರುತ್ತದೆ. ಆದರೆ ಚಿತ್ರದಲ್ಲಿ ಬಸ್ಸು ಚಾಲಕ ಇರುವುದಿಲ್ಲ. ೧೯೯೩ರ ಒಪ್ಪಂದದಂತೆ, ದೊರೆಯಿಂದ ಮುಂದಿನ ದೊರೆಗೆ ಹೋಗುವ ಆಸ್ತಿಗೆ ಉತ್ತರಾಧಿಕಾರ ತೆರಿಗೆಯೇ ಇಲ್ಲ. ತಾಯಿಯಿಂದ ೨೦೨೨ರಲ್ಲಿ ಬಂದ ಸಂಪತ್ತಿಗೆ ಆ ತೆರಿಗೆ ಕಟ್ಟಬೇಕಿಲ್ಲದವರು ಅನ್ಯರ ಕಿಸೆಯ ಹಣಕ್ಕೆ ಮುಖವಾಗಿ ನಿಲ್ಲುವುದನ್ನು ತ್ಯಾಗವೆಂದು ಕರೆಯುವುದು ಭಾಷೆಗೇ ಮಾಡಿದ ಅಪಚಾರ.

‘ಹಣ ಎಲ್ಲಿಂದಲಾದರೂ ಬರಲಿ, ಆನೆ ಉಳಿದರೆ ಸಾಕು’ ಎಂಬ ವಾದವುಂಟು. ಇದನ್ನು ತಳ್ಳಿಹಾಕುವಂತಿಲ್ಲ. ವಯನಾಡಿನ ತಿರುನೆಲ್ಲಿ–ಕುದ್ರಕೋಟೆ ಆನೆದಾರಿಯಲ್ಲಿ ವಿದೇಶಿ ಸಂಸ್ಥೆಗಳ ನೆರವಿನಿಂದ ಭೂಮಿ ಕೊಂಡು, ಒಪ್ಪಿದ ಕುಟುಂಬಗಳಿಗೆ ಬೇರೆಡೆ ನೆಲೆ ಕಲ್ಪಿಸಿದ್ದು ನಿಜ. ಆದರೆ ಔತಣದ ಹಣಕ್ಕೆ ಒಂದು ಸ್ವಭಾವವಿದೆ. ಚಿತ್ರಕ್ಕೆ ಚೆನ್ನಾಗಿ ಕಾಣುವುದಕ್ಕೆ ಅದು ಒಲಿಯುತ್ತದೆ. ಮರಿಯಾನೆಗೆ ಒಲಿಯುತ್ತದೆ, ಪಹಣಿಯ ತಕರಾರಿಗೆ ಒಲಿಯುವುದಿಲ್ಲ. ಹೆಣೆದ ಆನೆಗೆ ಒಲಿಯುತ್ತದೆ, ಮಳೆ ಬಿದ್ದೊಡನೆ ಬುಡದಿಂದ ಮತ್ತೆ ಚಿಗುರುವ ಲಂಟಾನವನ್ನು ವರ್ಷವರ್ಷವೂ ಬೇರುಸಹಿತ ಕೀಳುವ ಕೂಲಿಗೆ ಒಲಿಯುವುದಿಲ್ಲ. ಎಷ್ಟು, ಎಲ್ಲಿ, ಯಾರಿಗೆ ಎಂಬುದನ್ನು ದಾನಿಯೇ ನಿರ್ಧರಿಸುತ್ತಾನೆ. ಗ್ರಾಮಸಭೆಯನ್ನು ಯಾರೂ ಕೇಳುವುದಿಲ್ಲ.

ಬೆಟ್ಟಸೀಮೆಯಲ್ಲಿ ನೆಲೆನಿಂತ ಬದಲಾವಣೆಗಳು ಬೇರೆ ದಾರಿಯಿಂದ ಬಂದಿವೆ. ೧೯೮೮ರ ಡಿಸೆಂಬರ್‌ನಲ್ಲಿ ಗೂಡಲೂರಿನ ಬೀದಿಗಳಲ್ಲಿ ಸುಮಾರು ಹತ್ತು ಸಾವಿರ ಆದಿವಾಸಿಗಳು ಭೂಮಿಯ ಹಕ್ಕಿಗಾಗಿ ಮೆರವಣಿಗೆ ನಡೆದರು. ಆ ದಿನ ಅಲ್ಲಿ ಯಾವ ರಾಜಕುಮಾರನೂ ಇರಲಿಲ್ಲ. ೨೦೧೧ರಲ್ಲಿ ಬಿಳಿಗಿರಿರಂಗನ ಬೆಟ್ಟದ ೨೫ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆತದ್ದು ೨೦೦೬ರ ಅರಣ್ಯ ಹಕ್ಕು ಕಾಯ್ದೆಯಿಂದ ಮತ್ತು ಸೋಲಿಗರ ಸಂಘಟನೆಯಿಂದ. ಸಿಗೂರಿನ ಆನೆದಾರಿಯಲ್ಲಿ ತಲೆಯೆತ್ತಿದ್ದ ರೆಸಾರ್ಟುಗಳಿಗೆ ಬೀಗ ಬಿದ್ದದ್ದು, ೨೦೨೦ರ ಅಕ್ಟೋಬರ್‌ನಲ್ಲಿ ಆ ದಾರಿಯ ಅಧಿಸೂಚನೆ ಗಟ್ಟಿಯಾದದ್ದು ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ. ಹಕ್ಕು ಬೇಡಿದಾಗ ಬರುವುದು ಕಾನೂನು, ಕೈಯೊಡ್ಡಿದಾಗ ಬರುವುದು ಔತಣದ ಉಳಿಕೆ.

ನಿಜವಾದ ದಾನಿ

೨೦೨೫ರಲ್ಲಿ ಪ್ರಕಟವಾದ ವಂಶವಾಹಿ ಆಧಾರಿತ ಗಣತಿಯಂತೆ ಭಾರತದಲ್ಲಿ ೨೨,೪೪೬ ಕಾಡಾನೆಗಳಿವೆ. ಅವುಗಳಲ್ಲಿ ೬,೦೧೩ ಕರ್ನಾಟಕದವು, ದೇಶದಲ್ಲೇ ಹೆಚ್ಚು. ಇವುಗಳ ಪಾಲನೆಯ ಖರ್ಚನ್ನು ಪ್ರತಿರಾತ್ರಿ ಭರಿಸುತ್ತಿರುವವರು ಯಾರು? ಆಲೂರು, ಸಕಲೇಶಪುರ, ವಿರಾಜಪೇಟೆ, ಹನೂರುಗಳ ಸಣ್ಣ ಹಿಡುವಳಿದಾರರು. ಭತ್ತ ಹಾಲುಕಟ್ಟುವ ಹೊತ್ತಿಗೆ ಒಂದು ಹಿಂಡು ಬಂದು ಹೋದರೆ ವರ್ಷದ ಅನ್ನ ಹೋಯಿತು. ಫಲಕ್ಕೆ ಬರಲು ಐದಾರು ವರ್ಷ ಬೇಕಾಗುವ ಅಡಿಕೆ ಗಿಡ ಒಂದು ಕ್ಷಣದಲ್ಲಿ ನೆಲಕ್ಕುರುಳುತ್ತದೆ. ಮುಂಜಾನೆ ಕಾಫಿ ತೋಟಕ್ಕೆ ಹೊರಟ ಕೂಲಿ ಹೆಂಗಸು ಜೀವವನ್ನೇ ಕೊಡುತ್ತಾಳೆ. ಪರಿಹಾರದ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಅರ್ಜಿ ಹಾಕುವುದೇ ಕಷ್ಟ. ಹಳೆಯ ರೈಲು ಕಂಬಿಗಳ ತಡೆಗೋಡೆಗೆ ಕಿಲೋಮೀಟರಿಗೆ ಒಂದು ಕೋಟಿ ರೂಪಾಯಿಗೂ ಮೀರಿ ವೆಚ್ಚವಾಗುತ್ತದೆ. ಅದಕ್ಕೆ ಹೋಲಿಸಿದರೆ ಔತಣಗಳ ಸಂಗ್ರಹ ಎಷ್ಟರದು? ಮಾಳದ ಮೇಲೆ ನಿದ್ದೆಗೆಟ್ಟು ಕೂತ ರೈತನೇ ಜಗತ್ತಿನ ಅತಿ ದೊಡ್ಡ ಆನೆ ಪೋಷಕ. ಅವನಿಗೆ ಬಿರುದಿಲ್ಲ, ರಸೀದಿಯಿಲ್ಲ, ತೆರಿಗೆ ವಿನಾಯಿತಿಯೂ ಇಲ್ಲ.

ಲಂಡನ್ನಿನ ಮಾದರಿ ಈಗ ಬೆಂಗಳೂರಿನ ತಾರಾ ಹೋಟೆಲುಗಳಿಗೂ ಬಂದಿದೆ. ಕಾಡಿನ ಹೆಸರಿನಲ್ಲಿ ಹರಾಜು, ಹುಲಿಯ ಹೆಸರಿನಲ್ಲಿ ಓಟ, ಪಶ್ಚಿಮಘಟ್ಟದ ಹೆಸರಿನಲ್ಲಿ ರಾತ್ರಿಯೂಟ. ಅರಸರಿಲ್ಲದ ಕಡೆ ಉದ್ಯಮಿಗಳೂ ನಟರೂ ಅರಸರಾಗುತ್ತಾರೆ. ಇನ್ನು ಮುಂದೆ ಬೆಟ್ಟದ ಹಳ್ಳಿಯೊಂದರ ಹೆಸರಿನಲ್ಲಿ ಯಾರೇ ಹಣ ಕೂಡಿಸಿದರೂ ಆ ಹಳ್ಳಿಯ ಗ್ರಾಮಸಭೆ ನಾಲ್ಕು ಮಾತು ಕೇಳಬೇಕು. ಕೊಟ್ಟವರು ಯಾರು, ಅವರ ಹಣದ ಮೂಲವೇನು? ಕೂಡಿದ್ದೆಷ್ಟು, ಕೂಟದ ಖರ್ಚೆಷ್ಟು, ಹಳ್ಳಿಗೆ ತಲುಪಿದ್ದೆಷ್ಟು? ಯೋಜನೆಗೆ ಸಭೆಯ ಒಪ್ಪಿಗೆ ಪಡೆದದ್ದು ಯಾವಾಗ? ದಾನಿ ಕೈಬಿಟ್ಟ ಮರುವರ್ಷ ಕೆಲಸ ನಡೆಸುವವರು ಯಾರು? ಪದವಿ ಕಾಲೇಜುಗಳ ವಿದ್ಯಾರ್ಥಿಗಳು ಈ ಲೆಕ್ಕಗಳನ್ನು ಬರೆಸಿಕೊಂಡು ಸಂತೆಯ ದಿನ ಓದಿ ಹೇಳಲಿ.

ಉತ್ತರ ಕೊಡುವವರ ಹಣವನ್ನು ಹಳ್ಳಿ ಗೌರವದಿಂದ ಸ್ವೀಕರಿಸಬಹುದು. ಉತ್ತರ ಕೊಡದವರಿಗೆ ಬೆಟ್ಟದ ಹೆಸರನ್ನು ಬಳಸುವ ಹಕ್ಕಿಲ್ಲ. ಸಾಲ ತೀರಿಸಲು ಬಂದವನಿಗೆ ಮಣೆ ಹಾಕುವುದು ಮಲೆನಾಡಿನ ಸಂಪ್ರದಾಯ. ಸಾಲವನ್ನೇ ದಾನವೆಂದು ಸಾರಿಕೊಂಡು ಬಂದವನಿಗೆ ಮೊದಲು ಲೆಕ್ಕದ ಪುಸ್ತಕ ತೋರಿಸಬೇಕು.